ಪೊವಾಯಿಯ ಟೂಲ್‌ಬಾಕ್ಸ್

ಮುಂಬಯಿಯ ಪೊವಾಯಿಯಲ್ಲಿರುವ ಐಐಟಿ ಬಾಂಬೆಯ ಫಾಸೀ ಯೋಜನೆ ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಿಂದ ನಡೆಯುತ್ತದೆ. ಕಾಲೇಜುಗಳಲ್ಲಿ ಮುಕ್ತ ತಂತ್ರಾಂಶದ ಬಳಕೆ ಹೆಚ್ಚಿಸುವುದು ಅದರ ಕೆಲಸ. ಅವರ ಕೆಲಸಗಳಲ್ಲಿ ನನಗೆ ಅಚ್ಚುಮೆಚ್ಚು, ಸೈಲ್ಯಾಬ್ ಎಂಬ ಮುಕ್ತ ಗಣಿತ ತಂತ್ರಾಂಶಕ್ಕಾಗಿ ಕಟ್ಟಿದ ಆಪ್ಟಿಮೈಸೇಶನ್ ಟೂಲ್‌ಬಾಕ್ಸ್.

ವಿದ್ಯಾರ್ಥಿ ಟೈಪ್ ಮಾಡುವುದು ಎಫ್‌ಮಿನ್‌ಕಾನ್ ಎಂಬ ಆಜ್ಞೆಯ ಒಂದು ಸಾಲು. ಲೆಕ್ಕ ಬಿಡಿಸುವುದು ಸಿ++ನಲ್ಲಿ ಬರೆದ ಐಪಾಪ್ಟ್ ಎಂಬ ಲೈಬ್ರರಿ. ಅದಕ್ಕೆ ರೇಖೀಯ ಸಮೀಕರಣ ಬಿಡಿಸಿಕೊಡಲು ಮಂಪ್ಸ್‌ನಂಥ ಇನ್ನೊಂದು ಲೈಬ್ರರಿ ಬೇಕು, ಅದು ಫೋರ್ಟ್ರಾನ್‌ನದು. ಅದರ ಅಡಿಯಲ್ಲಿ ಬ್ಲಾಸ್, ಲ್ಯಾಪ್ಯಾಕ್ ಎಂಬ ಮ್ಯಾಟ್ರಿಕ್ಸ್ ಲೆಕ್ಕದ ಲೈಬ್ರರಿಗಳು. ಪೂರ್ಣಾಂಕದ ಲೆಕ್ಕಕ್ಕೆ ಸಿಂಫನಿ, ಸಿಬಿಸಿ, ಬಾನ್‌ಮಿನ್. ಎಲ್ಲವೂ ಬೇರೆ ಬೇರೆ ಕೈಗಳ ಕೆಲಸ. ಆವೃತ್ತಿ ತುಸು ಹೆಚ್ಚುಕಡಿಮೆಯಾದರೆ ಲಿಂಕ್ ಹಂತದಲ್ಲೇ ಎಲ್ಲ ನಿಂತುಬಿಡಬಹುದು.

ಇವನ್ನೆಲ್ಲ ಜೋಡಿಸಿ ಟೂಲ್‌ಬಾಕ್ಸ್ ಕಟ್ಟುವ ಬಿಲ್ಡರ್ ಸ್ಕ್ರಿಪ್ಟ್ ಓದುವುದೇ ಒಂದು ಖುಷಿ. ಮೊದಲು ಅದು ವಿಂಡೋಸೋ ಲಿನಕ್ಸೋ ಎಂದು ನೋಡುತ್ತದೆ. ಬಳಿಕ ಥರ್ಡ್‌ಪಾರ್ಟಿ ಫೋಲ್ಡರಿನಲ್ಲಿ ಸಿದ್ಧವಾಗಿಟ್ಟ ಲೈಬ್ರರಿಗಳಲ್ಲಿ ಆ ಯಂತ್ರಕ್ಕೆ ಹೊಂದುವುದನ್ನು ಆರಿಸಿಕೊಳ್ಳುತ್ತದೆ. ಲಿನಕ್ಸ್ ಆದರೆ, ಓಡುವಾಗ ಲೈಬ್ರರಿಯನ್ನು ಎಲ್ಲಿ ಹುಡುಕಬೇಕೆಂಬ ದಾರಿಯನ್ನು, ಅಂದರೆ ಆರ್‌ಪಾತ್ ಅನ್ನು, ಕಡತದೊಳಗೇ ಬರೆದಿಡುತ್ತದೆ.

ಹೀಗೆ ಎಲ್ಲವನ್ನೂ ಜೊತೆಗೇ ಹೊತ್ತೊಯ್ಯುವುದು ಶಿಸ್ತಲ್ಲ ಎನ್ನುವವರಿದ್ದಾರೆ. ಗಾತ್ರ ಹೆಚ್ಚುತ್ತದೆ, ದೋಷ ಕಂಡರೆ ಪ್ರತಿ ಪ್ರತಿಯನ್ನೂ ಸರಿಪಡಿಸಬೇಕು, ನಿಜ. ಆದರೆ ಕಾಲೇಜು ಲ್ಯಾಬಿನ ವಿಂಡೋಸ್ ಯಂತ್ರಕ್ಕೆ ಫೋರ್ಟ್ರಾನ್ ಕಂಪೈಲರ್ ಹಾಕಿಕೊಡುವವರು ಯಾರು? ಸೈಲ್ಯಾಬ್‌ನ ಪ್ಯಾಕೇಜ್ ಭಂಡಾರವಾದ ಆಟಮ್ಸ್‌ನಿಂದ ಒಂದೇ ಆಜ್ಞೆಗೆ ಟೂಲ್‌ಬಾಕ್ಸ್ ಇಳಿಯಬೇಕು, ತರಗತಿ ಮುಗಿಯುವುದರೊಳಗೆ ಉತ್ತರ ಬರಬೇಕು. ಪೊವಾಯಿಯವರು ಆ ಹೊರೆಯನ್ನು ವಿದ್ಯಾರ್ಥಿಯ ಬದಲು ತಾವೇ ಹೊತ್ತದ್ದು ಸರಿಯಾದ ಆಯ್ಕೆ ಎಂದೇ ನನ್ನ ನಂಬಿಕೆ.