ಬಿಡುಗಡೆಯ ಮರುದಿನ

ಜಗ್ ಮುಂಧ್ರಾ ನಿರ್ದೇಶನದ 'ಪ್ರೊವೋಕ್ಡ್' ಚಿತ್ರವನ್ನು ನಮ್ಮ ಬಳಗದಲ್ಲಿ ಬಹಳ ಜನ ನೋಡಿರುತ್ತೀರಿ. 2006ರಲ್ಲಿ ತಯಾರಾಗಿ ಮರುವರ್ಷ ಥಿಯೇಟರಿಗೆ ಬಂದಾಗ ಐಶ್ವರ್ಯಾ ರೈಗಾಗಿ ಹೋದವರು ಕೆಲವರು, ರೆಹಮಾನ್ ಸಂಗೀತಕ್ಕಾಗಿ ಹೋದವರು ಕೆಲವರು. ಇಂಗ್ಲೆಂಡಿನಲ್ಲಿರುವ ನಮಗೆ ಕಥೆ ಮೊದಲೇ ಗೊತ್ತಿತ್ತು. 1979ರಲ್ಲಿ ಮದುವೆಯಾಗಿ ಈ ದೇಶಕ್ಕೆ ಬಂದ ಪಂಜಾಬಿನ ಕಿರಣ್‌ಜೀತ್ ಅಹ್ಲುವಾಲಿಯಾ, ಹತ್ತು ವರ್ಷ ಗಂಡನ ಹೊಡೆತ ಬಡಿತ ಸಹಿಸಿ, 1989ರಲ್ಲಿ ಒಂದು ರಾತ್ರಿ ಮಲಗಿದ್ದವನಿಗೆ ಬೆಂಕಿ ಹಚ್ಚಿದರು. ಕೆಲವು ದಿನಗಳ ನಂತರ ಆತ ಸತ್ತ. ಆಕೆಗೆ ಜೀವಾವಧಿ ಶಿಕ್ಷೆಯಾಯಿತು. 1992ರಲ್ಲಿ ಮೇಲ್ಮನವಿ ಗೆದ್ದು ಹೊರಬಂದರು.

ಈ ಸಲ ಚಿತ್ರವನ್ನು ಮತ್ತೆ ನೋಡಿದ್ದು ಬೇರೊಂದು ಪ್ರಶ್ನೆ ಇಟ್ಟುಕೊಂಡು. ಪರದೇಶದಲ್ಲಿ ಒಬ್ಬಳೇ ಮಕ್ಕಳನ್ನು ಸಾಕುವ ನಮ್ಮ ಕಡೆಯ ತಾಯಿ ನಮ್ಮ ಕಥೆಗಳಲ್ಲಿ, ಚಿತ್ರಗಳಲ್ಲಿ ಎಷ್ಟು ಹೊತ್ತು ಕಾಣಿಸುತ್ತಾಳೆ? 'ಪ್ರೊವೋಕ್ಡ್' ಇಂಥ ತಾಯಿಯ ಬಗ್ಗೆ ಬಂದ ಅತಿ ಪ್ರಸಿದ್ಧ ಚಿತ್ರ. ಆದರೆ ಇದರಲ್ಲಿ ಹೆಂಡತಿ ಇದ್ದಾಳೆ, ಕೈದಿ ಇದ್ದಾಳೆ, ತಾಯಿ ಮಾತ್ರ ತೀರಾ ಕಡಿಮೆ. ಇಬ್ಬರು ಗಂಡುಮಕ್ಕಳು ನಮ್ಮ ಕಣ್ಣಲ್ಲಿ ನೀರು ತರಿಸಲು ಬೇಕಾದಷ್ಟು ಹೊತ್ತು ಬಂದು ಹೋಗುತ್ತಾರೆ. ನ್ಯಾಯಾಲಯ ಬಿಡುಗಡೆ ಮಾಡಿತು, ಚಿತ್ರ ಮುಗಿಯಿತು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಪ್ರಾಜೆಕ್ಟ್ ಲೈವ್ ಆದ ದಿನ ಕೇಕ್ ಕತ್ತರಿಸಿ ಎಲ್ಲರೂ ಮನೆಗೆ ಹೋದ ಹಾಗೆ. ಸಪೋರ್ಟ್ ಕೆಲಸ ಶುರುವಾಗುವುದು ಮರುದಿನ ಬೆಳಿಗ್ಗೆ ತಾನೆ? ಮೂರು ವರ್ಷ ಅಮ್ಮನ ಜೊತೆ ಒಂದು ಮನೆಯಲ್ಲಿ ಮಲಗದ ಮಕ್ಕಳು, ಅಪ್ಪನನ್ನು ಅಮ್ಮನೇ ಸುಟ್ಟಳೆಂದು ತಿಳಿದ ಮಕ್ಕಳು, ಆ ಬೆಳಿಗ್ಗೆ ತಿಂಡಿಗೆ ಕೂತಾಗ ಏನು ಮಾತಾಡಿರಬಹುದು? ಒಳ್ಳೆಯ ಕಥೆಗಾರನಿಗೆ ಅಲ್ಲಿಂದ ಕೆಲಸ ಶುರು. ಮುಂಧ್ರಾ ಅಲ್ಲಿಗೆ ಅಂಗಡಿ ಮುಚ್ಚಿದ್ದಾರೆ.

ಚಿತ್ರಕಥೆಯ ಇನ್ನೊಂದು ಅನುಕೂಲವೂ ನಮಗೆ ಇರಿಸುಮುರಿಸು ಮಾಡಿತು. ಜೈಲಿನ ಗೆಳತಿ ರಾನಿ (ಮಿರಾಂಡಾ ರಿಚರ್ಡ್‌ಸನ್ ಅಭಿನಯಕ್ಕೆ ಪೂರ್ತಿ ಅಂಕ) ತನ್ನ ಮಲ ಅಣ್ಣನಾದ ದೊಡ್ಡ ವಕೀಲನನ್ನು ಒಪ್ಪಿಸುತ್ತಾಳೆ, ಕೇಸು ಮೇಲೇಳುತ್ತದೆ. ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಸಂಸ್ಥೆಯ ಹೆಂಗಸರು ಫಲಕ ಹಿಡಿದು ಘೋಷಣೆ ಕೂಗುತ್ತಾರೆ. ನಂದಿತಾ ದಾಸ್ ಅವರಿದ್ದೂ ಆ ಪಾತ್ರಕ್ಕೆ ಮೈ ತುಂಬಿಲ್ಲ. ಆಶ್ಚರ್ಯವೆಂದರೆ ಚಿತ್ರಕಥೆಯಲ್ಲಿ ರಹೀಲಾ ಗುಪ್ತಾ ಅವರ ಕೈಯೂ ಇದೆ. ಕಿರಣ್‌ಜೀತ್ ಜೊತೆ ಸೇರಿ 1997ರಲ್ಲಿ ಆಕೆಯ ಆತ್ಮಕಥೆ 'ಸರ್ಕಲ್ ಆಫ್ ಲೈಟ್' ಬರೆದವರು, ಸಂಸ್ಥೆಯನ್ನು ಒಳಗಿನಿಂದ ಬಲ್ಲವರು ಅವರು. ಅಂಥವರಿದ್ದೂ ಸಿನಿಮಾಕ್ಕೆ ಒಬ್ಬ ಬಿಳಿಯ ಆಪದ್ಬಾಂಧವ ಬೇಕೇ ಬೇಕಾಯಿತು!

ಹೆಸರಿನ ಬಗ್ಗೆಯೂ ಒಂದು ತಕರಾರು. 'ಪ್ರೊವೋಕ್ಡ್' ಎಂದರೆ ಪ್ರಚೋದನೆಗೆ ಒಳಗಾದವಳು. ಆದರೆ ಮೇಲ್ಮನವಿ ಗೆದ್ದದ್ದು ಆ ವಾದದಿಂದಲ್ಲ. ಪ್ರಚೋದನೆ ಎನ್ನಲು ಆ ಕ್ಷಣದಲ್ಲೇ ಥಟ್ಟನೆ ಹಿಡಿತ ತಪ್ಪಿರಬೇಕು ಎಂಬುದು ಅಂದಿನ ಕಾನೂನು. ಎರಡು ಲೋಟ ಹೆಚ್ಚು ಕುಡಿದು ಬಾರಿನಲ್ಲಿ ಜಗಳಕ್ಕೆ ಬೀಳುವ ಗಂಡಸಿನ ಅಳತೆಗೆ ಹೊಲಿದ ಅಂಗಿ ಅದು. ಹತ್ತು ವರ್ಷ ಒಳಗೇ ಬೇಯುವ ಹೆಣ್ಣಿಗೆ ಹೊಂದುವುದಿಲ್ಲ. ನ್ಯಾಯಾಲಯ ಒಪ್ಪಿದ್ದು ತೀವ್ರ ಖಿನ್ನತೆಯ ಬಗೆಗಿನ ವೈದ್ಯರ ಹೊಸ ಸಾಕ್ಷ್ಯವನ್ನು. ಮನಸ್ಸು ಕಾಯಿಲೆ ಬಿದ್ದಿದ್ದರಿಂದ ಹೊಣೆ ಕಡಿಮೆ ಎಂದಾಗಿ, ಕೊನೆಗೆ ಕೊಲೆಯಲ್ಲದ ನರಹತ್ಯೆ ಎಂದು ತೀರ್ಮಾನವಾಯಿತು. ಮೂರು ವರ್ಷ ನಾಲ್ಕು ತಿಂಗಳ ಶಿಕ್ಷೆ, ಅದನ್ನು ಆಗಲೇ ಅನುಭವಿಸಿಯಾಗಿತ್ತು. ತ್ರಿವೇಣಿಯವರ 'ಶರಪಂಜರ' ಓದಿ ಬೆಳೆದ ನಮಗೆ ಇಲ್ಲಿ ಕಾವೇರಿಯ ನೆನಪಾಗದೆ ಇರುವುದಿಲ್ಲ. ಹೆಣ್ಣಿನ ಸಿಟ್ಟಿಗೆ ಲೋಕದ ಹತ್ತಿರ ಇರುವುದು ಒಂದೇ ಹೆಸರು. ಕಾವೇರಿಯನ್ನು ಅದು ಮನೆಯಿಂದ ಹೊರಗೆ ಹಾಕಿತು, ಕಿರಣ್‌ಜೀತ್‌ರನ್ನು ಜೈಲಿನಿಂದ ಹೊರಗೆ ತಂದಿತು. ಹಳೆಯ ಪ್ರಚೋದನೆಯ ಕಾನೂನು ಹೋಗಿ, ಹಿಡಿತ ತಪ್ಪುವುದು ಥಟ್ಟನೆ ಆಗಿರಬೇಕಿಲ್ಲ ಎಂಬ ಹೊಸದು ಜಾರಿಗೆ ಬಂದದ್ದು 2010ರಲ್ಲಿ. ಈ ವ್ಯಂಗ್ಯವನ್ನು ಚಿತ್ರ ಮುಟ್ಟಲೇ ಇಲ್ಲ.

ಇನ್ನು ಫಲಕ ಹಿಡಿದ ಆ ಹೆಂಗಸರ ವಿಷಯ. 1979ರಲ್ಲಿ ಏಷ್ಯಾ ಮತ್ತು ಕೆರಿಬಿಯನ್ ಮೂಲದ ಮಹಿಳೆಯರು ಕೂಡಿ ಕಟ್ಟಿದ ಸಂಸ್ಥೆಯದು. 'ಸಂಸ್ಕೃತಿಗೆ ಹೊಂದುವ ಸೇವೆ' ಎಂಬ ಮಾತು ಈಗ ಕೌನ್ಸಿಲ್ ಕಾಗದಗಳಲ್ಲೆಲ್ಲ ಇದೆ. ಆದರೆ ಅದಕ್ಕೆ ಎರಡು ಅರ್ಥ ಉಂಟು. ಒಂದು, ಬಂದವಳ ಭಾಷೆ, ಊಟ, ಮಾನಮರ್ಯಾದೆಯ ಭಯ, ಅತ್ತೆ ಮನೆಯಲ್ಲಿ ಉಳಿದುಹೋದ ಚಿನ್ನ, ಇದೆಲ್ಲ ವಿವರಿಸದೆಯೇ ಅರ್ಥವಾಗುವುದು. ಇನ್ನೊಂದು, 'ನಿಮ್ಮ ಸಮಾಜದ ಹಿರಿಯರಿದ್ದಾರಲ್ಲ, ಅವರೇ ಕೂತು ಮಾತಾಡಲಿ' ಎಂದು ಆಕೆಯನ್ನು ಹೊರಟಲ್ಲಿಗೇ ವಾಪಸು ಕಳಿಸುವುದು. ಈ ಸಂಸ್ಥೆ ಮೊದಲನೆಯದನ್ನು ಮಾಡುತ್ತಲೇ ಎರಡನೆಯದರ ವಿರುದ್ಧ ಜಗಳವಾಡುತ್ತ ಬಂದಿದೆ. ಬಲವಂತದ ಮದುವೆಗಳ ಬಗ್ಗೆ ಸರ್ಕಾರ ನೇಮಿಸಿದ್ದ ಕಾರ್ಯತಂಡ 2000ದಲ್ಲಿ ರಾಜಿಸಂಧಾನಕ್ಕೂ ಜಾಗ ಕೊಟ್ಟಾಗ ಸಂಸ್ಥೆಯ ಪ್ರತಿನಿಧಿ ಅದರಿಂದ ಹೊರನಡೆದರು. ಮುಂದೆ ಈಲಿಂಗ್ ಕೌನ್ಸಿಲ್, ಎಲ್ಲ ಹೆಂಗಸರಿಗೂ ಒಂದೇ ಸೇವೆ ಸಾಕು, ಬೇರೆ ಬೇರೆ ಇದ್ದರೆ ಒಗ್ಗಟ್ಟಿಗೆ ಧಕ್ಕೆ ಎಂದು ಅನುದಾನ ನಿಲ್ಲಿಸಲು ಹೊರಟಿತು. 2008ರಲ್ಲಿ ಹೈಕೋರ್ಟಿನಲ್ಲಿ ವಿಚಾರಣೆ ನಡೆಯುತ್ತಿದ್ದಾಗಲೇ ಹಿಂದೆ ಸರಿಯಬೇಕಾಯಿತು. ವಿಶೇಷ ಸೇವೆಗೂ ಸಮಾನತೆಗೂ ವಿರೋಧವಿಲ್ಲವೆಂದು ನ್ಯಾಯಾಧೀಶರು ಸ್ಪಷ್ಟವಾಗಿ ಬರೆದರು. ಇಷ್ಟೆಲ್ಲ ನಾಟಕ ಚಿತ್ರ ತೆರೆಗೆ ಬಂದ ಮರುವರ್ಷವೇ ನಡೆಯಿತು. ಪರದೆಯ ಮೇಲೆ ಹೊಗಳಿಸಿಕೊಂಡ ಸಂಸ್ಥೆಗೆ ಊರಿನ ಕೌನ್ಸಿಲಿನಲ್ಲಿ ಬಾಡಿಗೆಯ ಚಿಂತೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ತೊಡಕಿದೆ. ಪಂಜಾಬಿ ಬಲ್ಲ ಕಾರ್ಯಕರ್ತೆ ಸೌತಾಲಿನಲ್ಲಿ ಸಿಕ್ಕಾಳು. ಕನ್ನಡಕ್ಕೆ? ನಮ್ಮದು ಸಣ್ಣ ಗುಂಪು, ಯುಗಾದಿಗೂ ದೀಪಾವಳಿಗೂ ಅದೇ ಮುಖಗಳು. ದುಭಾಷಿ ಎಂದು ಕನ್ನಡ ಬಲ್ಲವರನ್ನು ಹುಡುಕಿದರೆ ಬರುವವರು ಆಕೆಯ ಗಂಡನ ಜೊತೆ ಶನಿವಾರ ಕ್ರಿಕೆಟ್ ಆಡುವವರೇ ಆಗಿರಬಹುದು. ಭಾಷೆ ಬಂತು, ಗುಟ್ಟು ಹೋಯಿತು. ಅಂಥವಳಿಗೆ ಬೇರೆ ಊರಿನಿಂದ ಫೋನಿನಲ್ಲಿ ಮಾತಾಡುವ, ಮುಖ ಕಾಣದ ದುಭಾಷಿಯೇ ವಾಸಿ. ಸಂಸ್ಕೃತಿ ಗೊತ್ತಿರುವುದು ಎಂದರೆ ಇದೂ ಗೊತ್ತಿರುವುದು: ನಮ್ಮವರು ಯಾವಾಗ ಹತ್ತಿರ ಇರಬಾರದು ಎಂಬುದು.

ನಮ್ಮ ಅನಿವಾಸಿ ಕಥೆಗಳನ್ನು ತೆಗೆದುಕೊಂಡರೆ 'ಪ್ರೊವೋಕ್ಡ್' ಚಿತ್ರವೇ ಮೇಲು ಎನ್ನಬೇಕು. ಗಂಡನನ್ನು ಬಿಟ್ಟ ಹೆಣ್ಣಿಗೆ ನಮ್ಮ ಕಥೆಗಾರರು ಕೊಡುವುದು ಸಾಮಾನ್ಯವಾಗಿ ಒಂದು ಬೆಂಗಳೂರಿನ ಟಿಕೆಟ್ಟು. ಕೊನೆಯ ಪ್ಯಾರಾದಲ್ಲಿ ವಿಮಾನ ಏರಿಸಿಬಿಟ್ಟರೆ ಕಥೆಗಾರನಿಗೂ ನಿರಾಳ, ಓದುಗನಿಗೂ ನಿರಾಳ. ಅದೂ ಆಗದಿದ್ದರೆ ಪಕ್ಕದ ಮನೆಯ ಸಜ್ಜನ ಇಂಗ್ಲಿಷಿನವನೊಬ್ಬ ಚಹಾ ಕುಡಿಯಲು ಕರೆಯುತ್ತಾನೆ. ಇಲ್ಲೇ ಉಳಿದು, ಮಗುವಿನ ಒಸಿಐ ಅರ್ಜಿಗೆ ಅಪ್ಪನ ಸಹಿಯೂ ಬೇಕೆಂದು ಅವನಿಗೆ ಫೋನು ಮಾಡಬೇಕಾದವಳನ್ನು, ಸತ್ಯನಾರಾಯಣ ಪೂಜೆಗೆ ದಂಪತಿಗಳನ್ನು ಕರೆಯುವಾಗ ಪಟ್ಟಿಯಲ್ಲಿ ಬಿಟ್ಟುಹೋದವಳನ್ನು, ಸ್ಕೂಲಿನ ಗೇಟಿನ ಹತ್ತಿರ ಉಳಿದ ತಾಯಂದಿರಿಗೆ 'ಅವರು ಇಂಡಿಯಾಕ್ಕೆ ಹೋಗಿದ್ದಾರೆ' ಎಂದು ಮೂರನೇ ವರ್ಷವೂ ಹೇಳುವವಳನ್ನು ನಾವು ಕಥೆಯಲ್ಲಿ ಕಂಡದ್ದು ಕಡಿಮೆ.

ಕಥೆಗೆ ಬೇಕಾದ ಬಿಗಿಯಂತೂ ವೀಸಾದಲ್ಲೇ ಇದೆ. ನಮ್ಮಂಥ ಸಾಫ್ಟ್‌ವೇರ್‌ನವರ ಮನೆಗಳಲ್ಲಿ ಅನೇಕ ಹೆಂಡತಿಯರು ಇಲ್ಲಿರುವುದು ಗಂಡನ ಕೆಲಸದ ವೀಸಾದ ಬಾಲ ಹಿಡಿದುಕೊಂಡು. ಬಿಟ್ಟು ಹೊರಟರೆ ಸರ್ಕಾರಿ ನೆರವೂ ಇಲ್ಲ. ಇಲ್ಲಿನ ಪ್ರಜೆಗಳನ್ನು ಮದುವೆಯಾಗಿ ಬಂದವರಿಗೆ, ಹಿಂಸೆಯಿಂದ ಪಾರಾಗಿ ಬಂದರೆ ಮೂರು ತಿಂಗಳ ರಿಯಾಯಿತಿಯೂ ಖಾಯಂ ವಾಸಕ್ಕೆ ಅರ್ಜಿ ಹಾಕುವ ದಾರಿಯೂ ಸಿಕ್ಕಿದ್ದು ಇಂಥ ಸಂಸ್ಥೆಗಳು ವರ್ಷಗಟ್ಟಲೆ ಹೋರಾಡಿದ ಮೇಲೆ. 2024ರ ಫೆಬ್ರವರಿಯಲ್ಲಿ ಕೆಲಸದ ವೀಸಾದವರ, ವಿದ್ಯಾರ್ಥಿಗಳ ಸಂಗಾತಿಗಳಿಗೂ ಆ ಮೂರು ತಿಂಗಳು ವಿಸ್ತರಣೆಯಾಯಿತು. ಖಾಯಂ ವಾಸದ ದಾರಿ ಮಾತ್ರ ಅವರಿಗೆ ಬರಲಿಲ್ಲ. ಮೂರು ತಿಂಗಳು, ಒಂದು ಆಶ್ರಯಧಾಮದ ಕೋಣೆ, ಕನ್ನಡ ಮರೆಯುತ್ತಿರುವ ಆರು ವರ್ಷದ ಮಗು, ದಿನಾ ಸಂಜೆ ಊರಿನಿಂದ 'ಹೊಂದಿಕೊಂಡು ಹೋಗಮ್ಮಾ' ಎನ್ನುವ ಫೋನು. ಇದನ್ನು ಬರೆಯಬಲ್ಲವರು ನಮ್ಮ ಬಳಗದಲ್ಲಿ ಇದ್ದಾರೆ. ಬರೆದರೆ ಮುಂದಿನ ಸಂಚಿಕೆಗೇ ಕಳಿಸಲಿ, ಹೆಸರು ಹಾಕುವುದು ಬೇಡವೆಂದರೆ ಹಾಕುವುದಿಲ್ಲ.