ಆಪ್ತವಾಕ್ಯವೂ ಪರೀಕ್ಷೆಯೂ: ಸೆರೆಬ್ರಲ್ ಪಾಲ್ಸಿ ಸಂಶೋಧನೆಯ ಒಂದು ವಿಮರ್ಶೆ

ವೈದ್ಯಕೀಯ ಸಂಶೋಧನೆಯನ್ನು ಇತಿಹಾಸದ ಅಧ್ಯಾಪಕರು ವಿಮರ್ಶಿಸಹೊರಡುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಚಿಕಿತ್ಸೆಯನ್ನು ವಿಧಿಸುವುದು ನಮ್ಮ ಕೆಲಸವಲ್ಲವೆಂಬುದು ನಿಜ. ಆದರೆ ಒಂದು ಮಾತನ್ನು ಯಾರು ಹೇಳಿದರು, ಯಾವ ಆಧಾರದಿಂದ ಹೇಳಿದರು, ಕೇಳಿದವರು ಅದನ್ನು ಏತಕ್ಕಾಗಿ ನಂಬಿದರು ಎಂಬ ಪ್ರಶ್ನೆಗಳು ಶಾಸನಗಳಿಗೂ ಬಖೈರುಗಳಿಗೂ ಮಾತ್ರ ಮೀಸಲಾದುವಲ್ಲ. ನಮ್ಮ ತಾರ್ಕಿಕರು ಆಪ್ತವಾಕ್ಯಕ್ಕೆ ಪ್ರಮಾಣಗಳ ಸಾಲಿನಲ್ಲಿ ಸ್ಥಾನವನ್ನು ಕೊಟ್ಟರು. ಆಪ್ತನೆನಿಸಿಕೊಳ್ಳಲು ಲಕ್ಷಣವೇನೆಂಬುದನ್ನೂ ವಿಚಾರಿಸದೆ ಬಿಡಲಿಲ್ಲ. ಸೆರೆಬ್ರಲ್ ಪಾಲ್ಸಿಯುಳ್ಳ ಮಕ್ಕಳ ಚಲನಶಕ್ತಿಯನ್ನು ಕುರಿತ ಸಂಶೋಧನೆಯನ್ನು ಈ ದೃಷ್ಟಿಯಿಂದ ನೋಡಿದರೆ, ದೊಡ್ಡವರ ಮಾತು ಪರೀಕ್ಷೆಗೆ ಒಳಗಾಗದೆ ಬಹುಕಾಲ ಬಾಳಿತೆಂಬುದೂ, ಅದರ ಭಾರವನ್ನು ಮಕ್ಕಳೂ ತಾಯಂದಿರೂ ಹೊತ್ತರೆಂಬುದೂ ಗೋಚರವಾಗುತ್ತದೆ.

ಮೊದಲು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಗರ್ಭದಲ್ಲಾಗಲಿ ಶೈಶವದಲ್ಲಾಗಲಿ, ಇನ್ನೂ ಬೆಳೆಯುತ್ತಿರುವ ಮೆದುಳಿಗೆ ಹಾನಿ ತಟ್ಟಿದರೆ ಚಲನೆಯೂ ದೇಹದ ಭಂಗಿಯೂ ಕೆಡುತ್ತವೆ. ಮೆದುಳಿನ ಹಾನಿ ಮುಂದೆ ಹೆಚ್ಚುವುದಿಲ್ಲ. ಅದರ ಪರಿಣಾಮ ಜೀವಮಾನವೆಲ್ಲ ಉಳಿಯುತ್ತದೆ. ಸ್ನಾಯುಗಳು ಬಿಗಿಯುವುದು, ನಡಿಗೆ ತಡವಾಗುವುದು ಅಥವಾ ಬಾರದಿರುವುದು, ಕೆಲವರಲ್ಲಿ ಮಾತಿನ ತೊಡಕು, ಮೂರ್ಛೆ—ಇವು ಇದರ ಲಕ್ಷಣಗಳು. ದೇಹದ ಚಲನೆ ಕುಂದಿದ ಮಗುವಿನ ಬುದ್ಧಿಯೂ ಕುಂದಿರಲೇಬೇಕೆಂಬ ನಿಯಮವಿಲ್ಲ.

ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸ್ಥಾನವನ್ನು ದೊರಕಿಸಿಕೊಟ್ಟವರು ಲಂಡನ್ನಿನ ವಿಲಿಯಂ ಜಾನ್ ಲಿಟ್ಲ್. 1861ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘದ ಮುಂದೆ ಓದಿದ ಪ್ರಬಂಧದಲ್ಲಿ, ಕಷ್ಟದ ಹೆರಿಗೆ, ಅಕಾಲ ಪ್ರಸವ, ಹುಟ್ಟುವಾಗಿನ ಉಸಿರುಗಟ್ಟುವಿಕೆ ಇವುಗಳೇ ಇದಕ್ಕೆ ಕಾರಣವೆಂದು ಅವರು ಪ್ರತಿಪಾದಿಸಿದರು. ರೋಗಕ್ಕೆ ಅವರ ಹೆಸರೇ ಬಂದಿತು. 1897ರಲ್ಲಿ ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್—ಮನೋವಿಶ್ಲೇಷಣೆಯಿಂದ ಹೆಸರಾಗುವ ಮೊದಲು ಅವರು ನರರೋಗಗಳ ವೈದ್ಯರಾಗಿದ್ದರು—ಒಂದು ಸಂದೇಹವನ್ನು ಮುಂದಿಟ್ಟರು. ಕಷ್ಟದ ಹೆರಿಗೆಯು ಕಾರಣವಾಗಿರದೆ, ಗರ್ಭದಲ್ಲಿಯೇ ಆಗಿಹೋದ ಯಾವುದೋ ದೋಷದ ಕುರುಹಾಗಿರಬಾರದೇಕೆ? ಕಾರ್ಯವನ್ನೇ ಕಾರಣವೆಂದು ಭ್ರಮಿಸಿರಬಹುದೆಂಬ ಈ ಶಂಕೆ ಇತಿಹಾಸಕಾರನಿಗೆ ಅಪರಿಚಿತವಾದುದಲ್ಲ. ಆದರೂ ಸುಮಾರು ಒಂದು ಶತಮಾನ ಲಿಟ್ಲ್ ಅವರ ಮಾತೇ ಮೇಲಾಯಿತು.

ಆ ಮಾತು ವಿಸ್ತಾರವಾದ ಪರೀಕ್ಷೆಗೆ ಒಳಗಾದುದು 1986ರಲ್ಲಿ. ಅಮೆರಿಕೆಯಲ್ಲಿ 1959ರಿಂದ 1966ರವರೆಗೆ ದಾಖಲಾದ ಸುಮಾರು 54,000 ಗರ್ಭಧಾರಣೆಗಳ ವಿವರವನ್ನೂ, ಹುಟ್ಟಿದ ಮಕ್ಕಳ ಏಳು ವರ್ಷಗಳವರೆಗಿನ ಬೆಳವಣಿಗೆಯನ್ನೂ ಆಧಾರವಾಗಿಟ್ಟುಕೊಂಡು ಕ್ಯಾರಿನ್ ನೆಲ್ಸನ್ ಮತ್ತು ಜೋನಾಸ್ ಎಲೆನ್‌ಬರ್ಗ್ ವಿಶ್ಲೇಷಣೆ ನಡೆಸಿದರು. ಹೆರಿಗೆಗೆ ಮುಂಚೆಯೇ ತಿಳಿದಿದ್ದ ಸಂಗತಿಗಳಿಗೆ ಹೆರಿಗೆಯ ಸಂಗತಿಗಳನ್ನು ಸೇರಿಸಿದರೂ, ಯಾವ ಮಗುವಿಗೆ ಈ ಸ್ಥಿತಿ ಒದಗೀತೆಂದು ಊಹಿಸಲು ದೊರೆತ ಹೆಚ್ಚಿನ ನೆರವು ಅತ್ಯಲ್ಪವಾಗಿದ್ದಿತು. ಉಸಿರುಗಟ್ಟುವಿಕೆಯಿಂದ ಹಾನಿಗೊಂಡ ಮಕ್ಕಳಿಲ್ಲವೆಂದು ಇದರ ಅರ್ಥವಲ್ಲ. ಇದ್ದಾರೆ, ಆದರೆ ಎಲ್ಲರೂ ಅಂಥವರಲ್ಲ. ಈ ಎರಡು ವಾಕ್ಯಗಳ ನಡುವಣ ಅಂತರದಲ್ಲಿಯೇ ಎಷ್ಟೋ ತಾಯಂದಿರೂ ಸೂಲಗಿತ್ತಿಯರೂ ತಾವು ಮಾಡದ ತಪ್ಪಿಗೆ ನಿಂದೆಯನ್ನು ಹೊತ್ತಿರಬೇಕು.

ಕಾರಣದ ವಿಚಾರದಲ್ಲಿ ನಡೆದುದೇ ಚಿಕಿತ್ಸೆಯ ವಿಚಾರದಲ್ಲಿಯೂ ನಡೆಯಿತು. 1940ರ ದಶಕದಲ್ಲಿ ಬರ್ಟಾ ಬೊಬಾತ್ ಮತ್ತು ಅವರ ಪತಿ ವೈದ್ಯ ಕಾರೆಲ್ ಬೊಬಾತ್ ಲಂಡನ್ನಿನಲ್ಲಿ ಒಂದು ಪದ್ಧತಿಯನ್ನು ರೂಪಿಸತೊಡಗಿದರು. ಮಗುವಿನ ದೇಹವನ್ನು ಪರಿಣತ ಕೈಗಳಿಂದ ಹಿಡಿದು, ಅಸಹಜ ಚಲನೆಯನ್ನು ತಡೆದು, ಸಹಜ ಚಲನೆಗೆ ದಾರಿಮಾಡಿಕೊಡುವುದು ಅದರ ತತ್ತ್ವ. ನಿಷ್ಠಾವಂತ ಶಿಷ್ಯರ ಮೂಲಕ ಅದು ಅನೇಕ ದೇಶಗಳಿಗೆ ಹರಡಿತು. 1988ರಲ್ಲಿ ಪಾಮರ್ ಮತ್ತು ಸಹೋದ್ಯೋಗಿಗಳು ಕಾಲುಗಳ ಬಿಗಿತವುಳ್ಳ 48 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಪದ್ಧತಿಯ ವ್ಯಾಯಾಮವನ್ನೂ, ಇನ್ನೊಂದಕ್ಕೆ ಆಟದ ಮೂಲಕ ಶಿಶುವಿನ ಸರ್ವಾಂಗೀಣ ಬೆಳವಣಿಗೆಯನ್ನು ಪ್ರೇರಿಸುವ ಕ್ರಮವನ್ನೂ ಗೊತ್ತುಮಾಡಿದರು. ಆರು ತಿಂಗಳ ತರುವಾಯ ನಡೆಯಬಲ್ಲವರಾದವರು ಮೊದಲನೆಯ ಗುಂಪಿನಲ್ಲಿ ಶೇಕಡ 12, ಎರಡನೆಯದರಲ್ಲಿ ಶೇಕಡ 35. ಸಂಖ್ಯೆ ಚಿಕ್ಕದು, ಈ ಒಂದರಿಂದಲೇ ಅಂತಿಮ ತೀರ್ಪು ಸಲ್ಲದು. ಆದರೆ ನಾಲ್ಕು ದಶಕಗಳ ಕಾಲ ನಡೆದುಬಂದ ಪದ್ಧತಿಯ ವಿಷಯದಲ್ಲಿ ಇಂಥ ಪ್ರಶ್ನೆ ಇಷ್ಟು ತಡವಾಗಿ ಏಳಬೇಕಾಯಿತೇಕೆಂದು ಕೇಳದಿರಲಾಗುವುದಿಲ್ಲ. ಚಿಕಿತ್ಸಕರ ಕಾರುಣ್ಯವನ್ನು ನಾವು ಸಂದೇಹಿಸುವುದಿಲ್ಲ. ಕಾರುಣ್ಯವು ಪ್ರಮಾಣವಲ್ಲವೆಂದಷ್ಟೇ ನಮ್ಮ ಹೇಳಿಕೆ.

ಪರೀಕ್ಷೆಗೆ ಮಾನದಂಡ ಬೇಕು. 1989ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಅಳತೆಯಲ್ಲಿ ಹೊರಳುವುದು ಮೊದಲಾಗಿ ಕುಪ್ಪಳಿಸುವವರೆಗೆ ಅನೇಕ ಅಂಶಗಳಿದ್ದುವು. 1997ರಲ್ಲಿ ಮಕ್ಕಳನ್ನು ಚಲನಶಕ್ತಿಗೆ ಅನುಸಾರವಾಗಿ ಐದು ಮಟ್ಟಗಳಲ್ಲಿ ವಿಂಗಡಿಸುವ ಕ್ರಮ ಬಂದಿತು. 2002ರಲ್ಲಿ ಒಂಟಾರಿಯೋ ಪ್ರಾಂತ್ಯದ 657 ಮಕ್ಕಳನ್ನು ಮತ್ತೆಮತ್ತೆ ಅಳೆದು, ಪ್ರತಿ ಮಟ್ಟದ ಮಗುವಿನ ಬೆಳವಣಿಗೆ ಯಾವ ರೇಖೆಯಲ್ಲಿ ಸಾಗುವುದೆಂದು ರೋಸೆನ್‌ಬಾಮ್ ಮೊದಲಾದವರು ತೋರಿಸಿದರು. ‘ನಮ್ಮ ಮಗು ನಡೆಯುವುದೇ?’ ಎಂಬ ತಾಯಿತಂದೆಗಳ ಪ್ರಶ್ನೆಗೆ ಆಧಾರವುಳ್ಳ ಉತ್ತರ ಸಾಧ್ಯವಾದುದು ಇದರಿಂದ. ಇದು ದೊಡ್ಡ ಉಪಕಾರ. ಆದರೆ ಈ ಅಳತೆಯು ಪರೀಕ್ಷೆಯ ಕೊಠಡಿಯಲ್ಲಿ ಮಗು ಏನನ್ನು ಮಾಡಬಲ್ಲುದೆಂಬುದನ್ನು ಹೇಳುತ್ತದೆಯೇ ಹೊರತು, ಮನೆಯಲ್ಲಿ, ಶಾಲೆಯಲ್ಲಿ, ಬೀದಿಯಲ್ಲಿ ದಿನವೂ ಏನನ್ನು ಮಾಡುತ್ತದೆಂಬುದನ್ನಲ್ಲ. ಸರಾಸರಿಯ ರೇಖೆಯನ್ನು ಹಣೆಯ ಬರಹವೆಂದು ತಿಳಿದರೆ, ಹಳೆಯ ಆಪ್ತವಾಕ್ಯದ ಸ್ಥಾನದಲ್ಲಿ ಹೊಸದೊಂದನ್ನು ಕೂರಿಸಿದಂತಾದೀತು.

ಇಲ್ಲಿಯೇ 2011ರಲ್ಲಿ ಮೇರಿ ಲಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಮಹತ್ತ್ವದ್ದಾಗುತ್ತದೆ. ಕೆನಡಾದ 128 ಮಕ್ಕಳಲ್ಲಿ ಒಂದು ಗುಂಪಿನ ಮಕ್ಕಳ ದೇಹದ ಕುಂದುಗಳನ್ನು ತಿದ್ದಲು ಯತ್ನಿಸಲಾಯಿತು. ಇನ್ನೊಂದು ಗುಂಪಿನಲ್ಲಿ ಮಗುವನ್ನು ತಿದ್ದದೆ, ಮಾಡಬೇಕಾದ ಕೆಲಸವನ್ನೂ ಸುತ್ತಣ ಪರಿಸರವನ್ನೂ ಅದಕ್ಕೆ ಹೊಂದುವಂತೆ ಮಾರ್ಪಡಿಸಲಾಯಿತು. ಎರಡು ಗುಂಪುಗಳೂ ಮುಂದುವರಿದುವು. ಗಣನೀಯ ಭೇದ ಕಾಣಲಿಲ್ಲ. ಚಿಕಿತ್ಸೆಯನ್ನೇ ಪಡೆಯದ ಮೂರನೆಯ ಗುಂಪು ಇರಲಿಲ್ಲವಾದ್ದರಿಂದ, ವಯಸ್ಸಿನಿಂದ ಬಂದ ಬೆಳವಣಿಗೆಯೆಷ್ಟು, ಚಿಕಿತ್ಸೆಯಿಂದ ಬಂದುದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೂ ಮಗುವಿನ ಕಾಲನ್ನು ತಿದ್ದಿದ ಹೊರತು ಮುನ್ನಡೆಯಿಲ್ಲವೆಂಬ ಶತಮಾನದ ನಂಬಿಕೆ ಇದರಿಂದ ಸಡಿಲವಾಯಿತು. 2013ರಲ್ಲಿ ಅಯೋನಾ ನೊವಾಕ್ ಮೊದಲಾದವರು ಮಾಡಿದ ಸಮೀಕ್ಷೆಯೂ, ಮಗುವಿಗೆ ಬೇಕಾದ ನಿಜಜೀವನದ ಕೆಲಸವನ್ನೇ ಗುರಿಯಾಗಿಟ್ಟುಕೊಂಡ ಅಭ್ಯಾಸವು ಫಲಕಾರಿಯೆಂದೂ, ಇತರರ ಕೈಗಳು ನಡೆಸುವ ಚಲನೆ ಹಾಗಲ್ಲವೆಂದೂ ನಿರ್ಣಯಿಸಿತು.

ಭಾರತದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸೆರೆಬ್ರಲ್ ಪಾಲ್ಸಿಯನ್ನು ಹೆಸರಿಸಿದೆ. ಕಾನೂನು ಹಕ್ಕನ್ನು ಕೊಟ್ಟೀತು; ಶಾಲೆಯ ಮೆಟ್ಟಿಲನ್ನು ತಾನಾಗಿ ತಗ್ಗಿಸದು. ಒಂಟಾರಿಯೋದ ರೇಖೆಗಳನ್ನು ನಮ್ಮ ಮಕ್ಕಳಿಗೆ ಅನ್ವಯಿಸುವಾಗ, ನೆಲದ ಮೇಲೆ ಕುಳಿತು ಉಣ್ಣುವ, ಹೊಸ್ತಿಲು ದಾಟುವ, ಕೆಸರಿನ ದಾರಿಯಲ್ಲಿ ಶಾಲೆಗೆ ಹೋಗಬೇಕಾದ ಮಗುವಿನ ದಿನಚರಿಯನ್ನೂ ಪರಿಶೀಲಿಸಬೇಕು. ಮಗುವಿನ ಬಾಲ್ಯ ಎರಡನೆಯ ಸಲ ಬರುವುದಲ್ಲ. ಅದರ ಒಂದೊಂದು ಗಂಟೆಯನ್ನು ವ್ಯಾಯಾಮಕ್ಕೆಂದು ಕೇಳುವವರು, ಆ ಗಂಟೆಗೆ ಆಧಾರವೇನೆಂದು ತೋರಿಸಲು ಬದ್ಧರು. ವಿದ್ಯಾರ್ಥಿಗಳು ಯಾವ ಶಾಸ್ತ್ರವನ್ನು ಓದಿದರೂ ಈ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕೆಂಬುದು ನಮ್ಮ ಆಶಯ.