ಸೋಪಾನವೂ ಎರಡು ಮರ್ಕಟಗಳೂ

ವಚನಗಳನ್ನು ಸಾಧನೆಯ ಶಾಸ್ತ್ರವೆಂದು ಓದುವವರಲ್ಲಿ ಷಟ್‌ಸ್ಥಲದ ಸೋಪಾನಕಲ್ಪನೆಗೆ ದೊರೆತಿರುವ ಪ್ರತಿಷ್ಠೆ ಅದರ ಯೋಗ್ಯತೆಗೆ ಮೀರಿದುದೆಂದೂ, ಆ ಪ್ರತಿಷ್ಠೆಯ ನೆರಳಿನಲ್ಲಿ ಬಸವಣ್ಣನವರ ಮನೋವಿಕ್ಷೇಪದ ವಚನಗಳು ತಮಗೆ ಸಲ್ಲಬೇಕಾದ ಗೌರವವನ್ನು ಪಡೆಯದೆ ಉಳಿದಿವೆಯೆಂದೂ ನಾನು ಬಹುಕಾಲದಿಂದ ನಂಬಿದ್ದೇನೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಸ್ಥಲಗಳ ನಿರೂಪಣೆ ವಾಚಕರಿಗೆ ತಿಳಿದುದೇ ಆದುದರಿಂದ ಅದನ್ನು ಇಲ್ಲಿ ಮತ್ತೆ ಮಾಡಬೇಕಾಗಿಲ್ಲ. ನಾನು ಪ್ರಶ್ನಿಸುವುದು ಈ ಆರನ್ನು ಒಂದರ ಮೇಲೊಂದಾಗಿ ಜೋಡಿಸಿದ ಮೆಟ್ಟಿಲುಗಳೆಂದೂ, ಹತ್ತಿ ಮುಗಿಸಿದ ಮೆಟ್ಟಿಲಿನ ಯಾತನೆ ಅಲ್ಲಿಗೇ ತೀರಿತೆಂದೂ ತಿಳಿಯುವ ಓದಿನ ಕ್ರಮವನ್ನು. ಆ ಕ್ರಮದಲ್ಲಿ ಧ್ಯಾನದಿಂದ ಜಾರಿದವನಿಗೆ, ಒಮ್ಮೆ ಶಮನವಾಗಿದ್ದ ಶೋಕವೋ ಕೋಪವೋ ಭಯವೋ ಮರಳಿ ಎದ್ದು ಬಂದವನಿಗೆ, ನಿಲ್ಲಲು ಸ್ಥಳವೇ ಇಲ್ಲ.

ದಾವಣಗೆರೆಯಲ್ಲಿ ಇದು ಕೇವಲ ಗ್ರಂಥಸ್ಥ ವಿಚಾರವಾಗಿ ಉಳಿಯುವುದಿಲ್ಲ. 1906ರಲ್ಲಿ ಇಲ್ಲಿಂದ ‘ಧನುರ್ಧಾರಿ’ ಪತ್ರಿಕೆಯನ್ನು ಹೊರಡಿಸಿದ ಹರ್ಡೇಕರ ಮಂಜಪ್ಪನವರು, 1913ರಲ್ಲಿ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಇಲ್ಲಿಯ ವಿರಕ್ತಮಠದಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವನ್ನಾಗಿ ನಡೆಸಿದಂದಿನಿಂದ, ವಚನವೆಂಬುದು ಈ ಊರಿನ ಅಂಗಡಿಯ ಗಲ್ಲೆಯವರೆಗೂ ಗಿರಣಿಯ ಬಾಗಿಲವರೆಗೂ ಬಂದ ಮಾತಾಗಿದೆ. ಶ್ರಾವಣಮಾಸವಿಡೀ ಪ್ರವಚನಗಳು ನಡೆಯುತ್ತವೆ. ಕೇಳಿದವರು ಮನೆಗೆ ಹೋಗಿ ಮರುದಿನ ನಸುಕಿನಲ್ಲಿ ಮಿಂದು, ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡದ ಅಂಗೈಯಲ್ಲಿರಿಸಿಕೊಂಡು ಎವೆಯಿಕ್ಕದೆ ನೋಡುವ ನೇಮವನ್ನು ಶ್ರದ್ಧೆಯಿಂದ ಹಿಡಿಯುತ್ತಾರೆ. ಆ ಶ್ರದ್ಧೆಯನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಶ್ರಾವಣ ಕಳೆದು ಭಾದ್ರಪದ ಬರುತ್ತದೆ. ವ್ಯಾಪಾರದಲ್ಲಿ ನಷ್ಟವೋ ಮನೆಯಲ್ಲಿ ಸಾವೋ ಸಂಭವಿಸುತ್ತದೆ. ಹರಿಹರದಲ್ಲಿಯಾದರೆ, ನದಿಯಾಚೆಯ ಕುಮಾರಪಟ್ಟಣದ ನಾರಿನ ಕಾರ್ಖಾನೆಯಲ್ಲಿ ದುಡಿಯುವವನಿಗೆ ರಾತ್ರಿಪಾಳಿ ಬಂದು ಬ್ರಾಹ್ಮೀಮುಹೂರ್ತವೆಂಬುದು ನಿದ್ರೆಗೆ ಹೋಗುವ ಹೊತ್ತಾಗಿಬಿಡುತ್ತದೆ. ಕಿರ್ಲೋಸ್ಕರ ಯಂತ್ರಕಾರ್ಖಾನೆಯೂ ದಾವಣಗೆರೆಯ ಹತ್ತಿಗಿರಣಿಗಳೂ ಒಂದೊಂದಾಗಿ ಮುಚ್ಚಿದ ಪ್ರದೇಶ ಇದೆಂಬುದನ್ನೂ, ಕೆಲಸ ಹೋದವನ ಎದೆಯ ತಳಮಳ ಅಂಗೈಯ ಲಿಂಗದ ಮುಂದೆ ಕುಳಿತಾಗಲೇ ಅತ್ಯಂತ ಸ್ಪಷ್ಟವಾಗಿ ಕೇಳಿಸುತ್ತದೆಂಬುದನ್ನೂ ಮರೆಯಬಾರದು. ಎರಡು ದಿನ ನೇಮ ತಪ್ಪುತ್ತದೆ. ಮೂರನೆಯ ದಿನ, ‘ನಮ್ಮಂಥವರಿಗೆ ಇದೆಲ್ಲ ಆಗುವ ಮಾತಲ್ಲ’ ಎಂಬ ನಿರ್ಣಯ ಹುಟ್ಟಿ, ಕರಡಿಗೆ ಗೂಡು ಸೇರುತ್ತದೆ.

ಇಲ್ಲಿ ನೇಮ ತಪ್ಪಿದುದಕ್ಕಿಂತ ಆ ನಿರ್ಣಯವೇ ಹೆಚ್ಚಿನ ಅನರ್ಥ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್, ಜುಡಿತ್ ಗಾರ್ಡನ್ನರೊಡನೆ 1985ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕುಡಿತವನ್ನು ಬಿಟ್ಟವರ ವಿಷಯದಲ್ಲಿ ಇದನ್ನೇ ತೋರಿಸಿದ್ದಾನೆ: ಒಂದು ಸಲದ ಜಾರುವಿಕೆಯನ್ನು ಪೂರ್ಣಪತನವನ್ನಾಗಿ ಮಾಡುವುದು ಬಹುಮಟ್ಟಿಗೆ ಆ ಜಾರುವಿಕೆಗೆ ಮನುಷ್ಯ ತಾನೇ ಕೊಟ್ಟುಕೊಳ್ಳುವ ಅರ್ಥ, ಇದು ತನ್ನ ಸ್ವಭಾವದ ದೋಷವೆಂದು ಬಗೆದವನು ಪೂರ್ತಿ ಬೀಳುತ್ತಾನೆ, ಸಂದರ್ಭದ ಫಲವೆಂದು ಬಗೆದವನು ಏಳುತ್ತಾನೆ. ನಮ್ಮ ಪೂರ್ವಿಕರಿಗೂ ಇದು ಅಜ್ಞಾತವಾಗಿರಲಿಲ್ಲ. ಪತಂಜಲಿ ಎಣಿಸಿದ ಒಂಬತ್ತು ಅಂತರಾಯಗಳಲ್ಲಿ ಕೊನೆಯದು ಅನವಸ್ಥಿತತ್ವ. ಭೂಮಿಕೆಯನ್ನು ಪಡೆದಮೇಲೂ ಅಲ್ಲಿ ನೆಲೆನಿಲ್ಲಲಾರದಿರುವುದು. ಪಡೆಯಲಾರದಿರುವುದನ್ನು ಅದರ ಹಿಂದೆಯೇ ಬೇರೆಯಾಗಿ ಎಣಿಸಿರುವುದರಿಂದ, ಸೂತ್ರಕಾರನ ದೃಷ್ಟಿಯಲ್ಲಿ ಆರಂಭಿಕನ ಅಶಕ್ತಿಯೂ ಮುಂದುವರಿದವನ ಜಾರುವಿಕೆಯೂ ಎರಡು ಭಿನ್ನ ವಿಘ್ನಗಳೆಂಬುದು ಸ್ಪಷ್ಟ. ಈ ವಿವೇಕವೇ ನಮ್ಮ ವಚನಸಂಕಲನಗಳಲ್ಲಿ ಲುಪ್ತವಾಗಿರುವುದು.

ಬಸವಣ್ಣನವರ ವಚನಗಳ ಷಟ್‌ಸ್ಥಲ ಸಂಕಲನವನ್ನು ತೆರೆದರೆ, ಮನಸ್ಸಿನ ಚಾಂಚಲ್ಯವನ್ನು ಕುರಿತ ವಚನಗಳು ಆರಂಭದಲ್ಲಿಯೇ, ಭಕ್ತಸ್ಥಲದಲ್ಲಿಯೇ ದೊರೆಯುತ್ತವೆ. ಈ ಜೋಡಣೆ ಬಸವಣ್ಣನವರದಲ್ಲ. ಅವರಿಗೆ ಸುಮಾರು ಮೂರು ಶತಮಾನಗಳ ತರುವಾಯ, ಪ್ರೌಢದೇವರಾಯನ ಕಾಲದಿಂದ ಈಚೆಗೆ ವಚನಗಳನ್ನು ಸಂಗ್ರಹಿಸಿ ಸ್ಥಲಕ್ಕೆ ಕಟ್ಟಿದವರದು. ಅವರ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ. ಅವರಿಲ್ಲದಿದ್ದರೆ ಹಳಕಟ್ಟಿಯವರಿಗೆ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚುಹಾಕಿಸಲು ಓಲೆಗರಿಗಳೇ ಉಳಿದಿರುತ್ತಿರಲಿಲ್ಲ. ಆದರೆ ಅವರ ಜೋಡಣೆ ಒಂದು ವ್ಯಾಖ್ಯಾನವೂ ಹೌದು, ಮತ್ತು ಆ ವ್ಯಾಖ್ಯಾನ ಈ ವಚನಗಳ ವಿಷಯದಲ್ಲಿ ತಪ್ಪಿದೆ. ಅದನ್ನು ತೋರಿಸಲು ಮರ್ಕಟದ ಉಪಮೆಯುಳ್ಳ ಎರಡು ವಚನಗಳು ಸಾಕು.

ಮೊದಲನೆಯದರಲ್ಲಿ ಬಸವಣ್ಣನವರು ಮನಸ್ಸನ್ನು ಮರವೇರಿದ ಕಪಿಯ ಹಾರಾಟಕ್ಕೆ ಹೋಲಿಸಿ, ಇಂಥ ದಗ್ಧಚಿತ್ತದ ಮೇಲೆ ವಿಶ್ವಾಸವಿಡುವುದು ಹೇಗೆಂದು ಕೇಳಿ, ತಂದೆಯಾದ ಕೂಡಲಸಂಗಮನ ಬಳಿಗೆ ತಮ್ಮನ್ನು ಅದು ಬಿಡದೆಂದು ದೂರುತ್ತಾರೆ. ವಚನ ಅಲ್ಲಿಗೆ ಮುಗಿಯುತ್ತದೆ. ಎರಡನೆಯದರಲ್ಲಿ ಕಪಿ ಅದೇ. ಆದರೆ ಅದು ತಮ್ಮನ್ನು ನಿಂತ ಎಡೆಯಲ್ಲಿ ನಿಲ್ಲಗೊಡದು, ಬೆರೆತ ಎಡೆಯಲ್ಲಿ ಬೆರೆಯಗೊಡದು ಎಂದು ಹೇಳಿ, ನಿನ್ನ ಪಾದಪದ್ಮದಲ್ಲಿ ನನ್ನನ್ನು ದುಂಬಿಯನ್ನಾಗಿ ಇರಿಸೆಂಬ ಪ್ರಾರ್ಥನೆಯಲ್ಲಿ ವಚನ ಕೊನೆಗೊಳ್ಳುತ್ತದೆ. ಹಲವರು ಇವೆರಡನ್ನೂ ಒಂದೇ ಭಾವದ ಪುನರುಕ್ತಿಯೆಂದು ಬಗೆದು ಮುಂದೆ ಹೋಗುತ್ತಾರೆ. ನಿಂತು ನೋಡಿದರೆ ಇವುಗಳ ನಡುವೆ ಒಂದು ಸಾಧನಾಮಾರ್ಗದಷ್ಟು ಅಂತರವಿದೆ.

ಮೊದಲನೆಯ ವಚನದಲ್ಲಿ ದೇವರು ದೂರದಲ್ಲಿದ್ದಾನೆ. ಅಂಕಿತವು ಅಲ್ಲಿ ಹೋಗಿ ಸೇರಬೇಕಾದ ಒಂದು ಸ್ಥಾನವಾಗಿ ಬಂದಿದೆಯಲ್ಲದೆ ಸಂಬೋಧನೆಯಾಗಿ ಬಂದಿಲ್ಲ. ಸಾಧಕನು ದೇವರನ್ನು ಕುರಿತು ಮಾತನಾಡುತ್ತಾನೆ, ದೇವರೊಡನೆ ಮಾತನಾಡುವುದಿಲ್ಲ. ನಾನು, ಮನಸ್ಸು, ತಂದೆ ಎಂಬ ಮೂವರಲ್ಲಿ ಮನಸ್ಸು ನಡುವೆ ಅಡ್ಡ ನಿಂತಿದೆ. ಎರಡನೆಯದರಲ್ಲಿ ಅದೇ ಅಂಕಿತ ಸಂಬೋಧನೆಯಾಗಿದೆ. ಕಪಿಯ ಲಂಘನ ಕಿಂಚಿತ್ತೂ ಕಡಮೆಯಾಗಿಲ್ಲ. ಕ್ರಿಯಾಪದವು ನಡೆದು ಮುಗಿದುದನ್ನು ಹೇಳದೆ ಸದಾ ನಡೆಯುತ್ತಿರುವುದನ್ನು ಹೇಳುತ್ತದೆ. ಆದರೆ ಆ ಲಂಘನವನ್ನು ಯಾರ ಮುಂದೆ ಹೇಳಬೇಕೋ ಅವನ ಮುಂದೆಯೇ ಹೇಳಲಾಗುತ್ತಿದೆ. ಮನಸ್ಸು ಹೋಯಿತೆಂದು ದೇವರಿಗೆ ಹೇಳುವ ಕ್ಷಣದಲ್ಲಿ ಮನಸ್ಸು ದೇವರಲ್ಲಿಯೇ ಇದೆ. ಜಾರಿದೆನೆಂಬ ನಿವೇದನೆಯೇ ಮರಳಿ ಬರುವ ಕ್ರಿಯೆಯಾಗಿದೆ.

ಇನ್ನು, ನಿಂತ ಎಡೆ, ಬೆರೆತ ಎಡೆ ಎಂಬ ಮಾತನ್ನು ಗಮನಿಸಬೇಕು. ಎಂದೂ ನಿಲ್ಲದವನು ನಿಂತ ಎಡೆಯ ಮಾತನ್ನಾಡಲಾರನು. ನಿಲುಗಡೆ ಒಮ್ಮೆ ಆಗಿದೆ, ಸಾಮರಸ್ಯ ಒಮ್ಮೆ ಆಗಿದೆ, ಆದಮೇಲೆ ಕಳೆದುಹೋಗಿದೆ. ಇದು ಪತಂಜಲಿಯ ಒಂಬತ್ತನೆಯ ವಿಘ್ನವೇ ಹೊರತು ಆರಂಭಿಕನ ಅಸ್ಥೈರ್ಯವಲ್ಲ. ಹೀಗಿರಲು ಈ ವಚನ ಮೊದಲ ಮೆಟ್ಟಿಲಿನದೆಂಬ ನಿರ್ಣಯಕ್ಕೆ ಆಧಾರವೇನು? ಮನಸ್ಸಿನ ಚಾಂಚಲ್ಯವೆಂಬ ವಿಷಯಸಾಮ್ಯವೊಂದನ್ನು ಬಿಟ್ಟರೆ ನನಗೆ ಬೇರಾವ ಆಧಾರವೂ ಕಾಣಿಸದು.

ಎಲ್ಲಕ್ಕಿಂತ ಮುಖ್ಯವಾದುದು ದುಂಬಿ. ಕಪಿಯ ಚಾಂಚಲ್ಯದಿಂದ ಬೇಸತ್ತವನು ಬಂಡೆಯ ನಿಶ್ಚಲತೆಯನ್ನೋ, ಗಾಳಿಯಿಲ್ಲದೆಡೆಯ ದೀಪದ ಸ್ಥೈರ್ಯವನ್ನೋ ಬೇಡಬಹುದಾಗಿತ್ತು. ಯೋಗಗ್ರಂಥಗಳ ಪದ್ಧತಿ ಅದು. ಬಸವಣ್ಣನವರು ಬೇಡಿದುದು ಕಪಿಯಷ್ಟೇ ಚಂಚಲವಾದ ಇನ್ನೊಂದು ಜೀವಿಯ ಸ್ಥಿತಿಯನ್ನು. ದುಂಬಿ ಹಾರುತ್ತದೆ, ಅಲೆಯುತ್ತದೆ, ಮೊರೆಯುತ್ತದೆ; ಆದರೆ ಅದರ ಅಲೆದಾಟಕ್ಕೆ ಒಂದು ಹೂವುಂಟು, ಮಧುವಿನ ಮೇಲಿನ ಆಸೆಯೇ ಅದನ್ನು ಆ ಹೂವಿಗೆ ಕರೆತರುತ್ತದೆ. ಚಾಂಚಲ್ಯದ ನಾಶವನ್ನು ಕೇಳದೆ ಚಾಂಚಲ್ಯಕ್ಕೆ ಒಂದು ಕೇಂದ್ರವನ್ನು ಕೇಳಿದ ಈ ಪ್ರಾರ್ಥನೆಗೆ ಸಮನಾದ ಮನೋವಿವೇಕವನ್ನು ನಾನು ಧ್ಯಾನವನ್ನು ಕುರಿತ ಗ್ರಂಥಗಳಲ್ಲಿ ವಿರಳವಾಗಿ ಕಂಡಿದ್ದೇನೆ. ದುಂಬಿಯಾಗುವೆನೆಂದು ಹೇಳದೆ ದುಂಬಿಯನ್ನಾಗಿ ಇರಿಸೆಂದು ಹೇಳಿರುವುದರಿಂದ, ಜಾರಿದವನು ತನ್ನ ಸಂಕಲ್ಪಬಲದ ಲೆಕ್ಕವನ್ನು ಮತ್ತೆ ಮತ್ತೆ ಹಾಕಿ ಕುಗ್ಗಬೇಕಾದ ಅಗತ್ಯವೂ ಇಲ್ಲದಂತಾಗುತ್ತದೆ.

ಈ ವಚನಗಳನ್ನು ಹೀಗೆ ಓದಗೊಡದ ಮೂರು ಪಕ್ಷಗಳುಂಟು. ಮೊದಲನೆಯ ಪಕ್ಷದವರು ಬಸವಣ್ಣನವರು ನಿತ್ಯಸಿದ್ಧರೆಂದೂ, ಅವರಿಗೆ ಜಾರುವಿಕೆಯೆಂಬುದು ಇರಲಾರದೆಂದೂ, ಪಾಮರರ ಅವಸ್ಥೆಯನ್ನು ಲೋಕಶಿಕ್ಷಣಕ್ಕಾಗಿ ತಮ್ಮ ಮೇಲೆ ಆರೋಪಿಸಿಕೊಂಡು ನುಡಿದರೆಂದೂ ಹೇಳುತ್ತಾರೆ. ಭಕ್ತಿಯಿಂದ ಹುಟ್ಟಿದ ಈ ಮಾತು ಭಕ್ತನಿಗೇ ದ್ರೋಹವನ್ನು ಮಾಡುತ್ತದೆ. ಯಾತನೆಯೇ ನಟನೆಯಾದರೆ ಅದರ ಪರಿಹಾರವೂ ನಟನೆಯೇ ಆಗಬೇಕಲ್ಲವೆ? ಹರಿಹರದ ಪಾಳಿಯ ಕೆಲಸಗಾರನಿಗೆ ನಿಜವಾದ ಧೈರ್ಯವನ್ನು ಕೊಡಬಲ್ಲವರು ತನ್ನಂತೆಯೇ ಜಾರಿ, ಜಾರಿದುದನ್ನು ಹೇಳಿ, ಮರಳಿ ನಿಂತ ಬಸವಣ್ಣನವರು. ಶಿವಾನುಭವದಲ್ಲಿ ಅವರಷ್ಟು ಎತ್ತರಕ್ಕೆ ಏರಿದವರೊಬ್ಬರು ತಮ್ಮ ಮನಸ್ಸಿನ ಮೇಲೆ ಇಷ್ಟು ನಿರ್ದಾಕ್ಷಿಣ್ಯವಾದ ಬೆಳಕನ್ನು ಹಾಯಿಸಿದ್ದರಲ್ಲಿಯೇ ಅವರ ಮಹತ್ತ್ವವಿದೆ. ಅದನ್ನು ವೇಷವೆಂದು ಸಾಧಿಸಿ ಅವರನ್ನು ರಕ್ಷಿಸಬೇಕಾಗಿಲ್ಲ.

ಎರಡನೆಯ ಪಕ್ಷದವರು ಸಾಹಿತ್ಯರಸಿಕರು. ಇವರು ಈ ವಚನಗಳನ್ನು ಭಾವಗೀತೆಯ ಪೂರ್ವರೂಪವೆಂದು ಕೊಂಡಾಡಿ, ಆರ್ತತೆಯನ್ನು ಆಸ್ವಾದಿಸಿ, ಉಪಮೆಯನ್ನು ಮೆಚ್ಚಿ ಅಲ್ಲಿಗೆ ನಿಲ್ಲುತ್ತಾರೆ. ಇವರ ಕಿವಿ ಸೂಕ್ಷ್ಮವಾದುದೆಂಬುದು ನಿಜ. ಆದರೆ ಅಂಕಿತವನ್ನು ಇವರು ಪದ್ಯದ ಕೊನೆಯ ಮುದ್ರೆಯೆಂದಷ್ಟೇ ಗಣಿಸುವುದರಿಂದ, ಅದು ದೂರದ ಸ್ಥಾನವಾಗಿದೆಯೋ ಎದುರಿನ ಸಂಬೋಧನೆಯಾಗಿದೆಯೋ ಎಂಬ ಭೇದ ಇವರಿಗೆ ಮುಖ್ಯವಾಗುವುದಿಲ್ಲ. ವಚನದ ಇಡೀ ಕಾರ್ಯವೇ ಆ ಭೇದದಲ್ಲಿ ನಡೆದಿರುತ್ತದೆ. ಮೂರನೆಯವರು ಸಮಾಜಸುಧಾರಣೆಯ ದೃಷ್ಟಿಯವರು. ಜಾತಿಭೇದದ ಖಂಡನೆಯಿಲ್ಲದ ವಚನ ಇವರ ಗಣನೆಗೆ ಬರುವುದೇ ಅಪರೂಪ. ಇವರೊಡನೆ ನನಗೆ ಕಲಹವಿಲ್ಲ, ಇವರ ಕಾರ್ಯ ಬೇರೆ. ಆದರೂ ಒಂದು ಮಾತು: ಕಲ್ಯಾಣದಲ್ಲಿ ಅಷ್ಟು ದೊಡ್ಡ ಭಂಗವನ್ನು ಕಂಡವರ ಅಂತರಂಗದ ಭಂಗವನ್ನು ಬದಿಗಿಟ್ಟು ಅವರ ಸಮಾಜಕಾರ್ಯವನ್ನು ತಿಳಿಯಬಹುದೆಂದು ನನಗೆ ತೋರುವುದಿಲ್ಲ.

ಸೋಪಾನವಾದಿಗಳ ಪರವಾಗಿ ಹೇಳಬೇಕಾದುದೂ ಉಂಟು. ಮೆಟ್ಟಿಲುಗಳ ಕಲ್ಪನೆ ಆರಂಭಿಕನಿಗೆ ದಿಕ್ಕನ್ನು ತೋರಿಸುತ್ತದೆ, ಸಾವಿರಾರು ಜನರು ಕುಳಿತ ಪ್ರವಚನದಲ್ಲಿ ಸುಲಭವಾಗಿ ಮನಮುಟ್ಟುತ್ತದೆ. ಆದರೆ ಸಿದ್ಧಾಂತವನ್ನು ರೂಪಿಸಿದವರೇ ಆರು ಸ್ಥಲಗಳಲ್ಲಿ ಒಂದೊಂದರೊಳಗೂ ಮತ್ತೆ ಆರನ್ನು ಕಂಡು ಮೂವತ್ತಾರಾಗಿ, ಮುಂದೆ ಇನ್ನೂರ ಹದಿನಾರಾಗಿ ವಿಸ್ತರಿಸಿದರು. ಐಕ್ಯಸ್ಥಲದೊಳಗೂ ಭಕ್ತನಿದ್ದಾನೆಂದು ಒಪ್ಪಿದ ಶಾಸ್ತ್ರವನ್ನು ಒಮ್ಮೆ ಹತ್ತಿದರೆ ಮರಳಿ ಇಳಿಯದ ಮೆಟ್ಟಿಲೆಂದು ವರ್ಣಿಸುವುದು ಆ ಶಾಸ್ತ್ರದ ಸೂಕ್ಷ್ಮತೆಗೇ ಅನ್ಯಾಯ. ‘ಶೂನ್ಯಸಂಪಾದನೆ’ಯಲ್ಲಿ ಮುಕ್ತಾಯಕ್ಕನ ಪ್ರಸಂಗವನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಅಣ್ಣನೂ ಗುರುವೂ ಆದ ಅಜಗಣ್ಣನ ಅಗಲಿಕೆಯಿಂದ ಅವಳು ಶೋಕಿಸುವಾಗ, ಅಲ್ಲಮನು ಅವಳ ಶೋಕವನ್ನು ಅಜ್ಞಾನಿಯ ಗೋಳೆಂದು ತಳ್ಳಿಬಿಡುವುದಿಲ್ಲ. ಅವಳೂ ಅವನ ಒಂದೊಂದು ಮಾತಿಗೂ ಪ್ರತಿಮಾತನ್ನು ಒಡ್ಡಿ ವಾದಿಸುತ್ತಾಳೆ, ಮತ್ತು ಆ ವಾದದಲ್ಲಿಯೇ ಅವಳ ಶೋಕ ಜ್ಞಾನಕ್ಕೆ ತಿರುಗುತ್ತದೆ. ದುಃಖ ಮರುಕಳಿಸಿದುದರಿಂದ ಅವಳ ಅರಿವು ಸುಳ್ಳಾಯಿತೆಂದು ಸಂಪಾದನಕಾರರು ಎಲ್ಲಿಯೂ ತೀರ್ಪಿತ್ತಿಲ್ಲ.

ಆದುದರಿಂದ ನನ್ನ ಬೇಡಿಕೆ ಸಂಪಾದಕರಲ್ಲಿಯೂ ಪ್ರವಚನಕಾರರಲ್ಲಿಯೂ ಇದೆ. ಬಸವಣ್ಣನವರ ವಚನಗಳ ಒಂದು ಸಂಕಲನವಾದರೂ ಸ್ಥಲಕಟ್ಟನ್ನು ಬಿಟ್ಟು, ಜಾರುವಿಕೆಯ ವಚನಗಳನ್ನೆಲ್ಲ ಒಂದೆಡೆ ತಂದು, ಅಂಕಿತ ದೂರದಲ್ಲಿರುವವುಗಳನ್ನೂ ಸಂಬೋಧನೆಯಾಗಿರುವವುಗಳನ್ನೂ ಎದುರುಬದುರಾಗಿ ಅಚ್ಚಿಸಬೇಕು. ಹಾಗೆ ಅಚ್ಚಾದಾಗ ಒಂದರಿಂದ ಇನ್ನೊಂದಕ್ಕೆ ಸಾಧಕನು ಹೇಗೆ ದಾಟಿದನೆಂಬುದು ಯಾವ ಟೀಕೆಯ ಸಹಾಯವೂ ಇಲ್ಲದೆ ಕಾಣಿಸುತ್ತದೆ. ವಚನವನ್ನು ಮೊದಲು ಬೀದಿಗೆ ತಂದ ದಾವಣಗೆರೆಗೆ ಇಂಥ ಗ್ರಂಥವನ್ನು ಹೊರತರುವ ಅಧಿಕಾರ ಎಲ್ಲರಿಗಿಂತ ಹೆಚ್ಚಾಗಿದೆ. ಪ್ರವಚನದ ಮಾಸದಲ್ಲಿಯೂ ಕೊನೆಯ ಒಂದು ದಿನವನ್ನು, ಮುಂದಿನ ಹನ್ನೊಂದು ತಿಂಗಳುಗಳಲ್ಲಿ ನೇಮ ತಪ್ಪಿದಾಗ ಏನು ಮಾಡಬೇಕೆಂಬ ಒಂದೇ ವಿಷಯಕ್ಕೆ, ಆ ಎರಡು ಮರ್ಕಟಗಳ ವಚನಗಳನ್ನು ಆಧಾರವಾಗಿಟ್ಟುಕೊಂಡು ಮೀಸಲಿಡಬೇಕು. ಅದೂ ರಾತ್ರಿಪಾಳಿಯಿಂದ ಬಂದವರು ಕುಳಿತು ಕೇಳಬಹುದಾದ ಹೊತ್ತಿನಲ್ಲಿ.